ಮಳೆನಾಡಿನಲ್ಲಿ ವಂಡರ್ ವುಮನ್: ಓದುವ, ಕಾಪಾಡುವ, ಹಂಚಿಕೊಳ್ಳುವ ಬಗೆ

ಅಮೆರಿಕದ ಅತಿಮಾನುಷ ನಾಯಕಿ ವಂಡರ್ ವುಮನ್‌ಳ ಕಾಮಿಕ್ಸನ್ನು ಎಲ್ಲಿಂದ ಓದಬೇಕು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಸಂಚಿಕೆಯ ಸಂಖ್ಯೆಯೊಂದನ್ನೇ ನಂಬಬೇಡಿ, ಅದರ ಪಕ್ಕದಲ್ಲಿ ಇಸವಿಯನ್ನೂ ಬರೆದುಕೊಳ್ಳಿ. ಅವಳ ಹೆಸರಿನ ಪತ್ರಿಕೆ 1942ರಲ್ಲಿ ಆರಂಭವಾಗಿ 1986ರ ಹೊತ್ತಿಗೆ 329 ಸಂಚಿಕೆಗಳನ್ನು ಮುಗಿಸಿತು. ಆಮೇಲೆ 1987, 2006, 2011, 2016 ಮತ್ತು 2023ರಲ್ಲಿ ಮತ್ತೆ ಮತ್ತೆ ಒಂದರಿಂದ ಎಣಿಕೆ ಹಿಡಿಯಿತು. ಇದರ ನಡುವೆ 2010ರಲ್ಲಿ ಹಳೆಯ ಲೆಕ್ಕವನ್ನೆಲ್ಲ ಕೂಡಿಸಿ 600 ಎಂದೂ, 2020ರಲ್ಲಿ 750 ಎಂದೂ ಮುಖಪುಟದಲ್ಲಿ ಅಚ್ಚು ಹಾಕಿದರು. ಹೀಗಾಗಿ ‘ಒಂದನೇ ಸಂಚಿಕೆ’ ಎನ್ನಿಸಿಕೊಂಡವು ಆರು ಇವೆ. ಹಳೆಯ ಪುಸ್ತಕ ಮಾರುವವರೊಬ್ಬರಿಗೆ ಫೋನಿನಲ್ಲಿ ಒಂದನೇ ಸಂಚಿಕೆ ಬೇಕೆಂದಷ್ಟೇ ಹೇಳಿ ಹಣ ಕಳಿಸಿದ ನನಗೆ, 1987ರದ್ದರ ಬದಲು 2006ರದ್ದು ಬಂದಿತ್ತು. ಮುಖಪುಟವನ್ನು ನೋಡಿ ನಿರ್ಧರಿಸುವ ಬದಲು, ಒಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಪ್ರಕಾಶನದ ವಿವರದ ಫೋಟೊ ತರಿಸಿಕೊಂಡು, ತಿಂಗಳು ಮತ್ತು ಇಸವಿಯನ್ನು ನೋಡಿದ ಮೇಲೆಯೇ ಹಣ ಕೊಡಿ.

ಹೊಸಬರಿಗೆ ನಾನು ಕೊಡುವುದು 1987ರ ಸರಣಿಯನ್ನು. ಜಾರ್ಜ್ ಪೆರೆಜ್ ಅದನ್ನು ಮೊದಲು ಇತರ ಬರಹಗಾರರ ಜೊತೆ ಸೇರಿ ಕಟ್ಟಿದರು, ಬಳಿಕ ತಾವೇ ಬರೆಯುತ್ತ 1992ರಲ್ಲಿ 62ನೇ ಸಂಚಿಕೆಯವರೆಗೂ ನಡೆಸಿದರು. ಆ ಕಥೆಯಲ್ಲಿ ಗ್ರೀಕ್ ಪುರಾಣದ ಯೋಧೆಯರಾದ ಅಮೆಜಾನ್ ಹೆಂಗಸರು ಹಿಂದಿನ ಜನ್ಮದಲ್ಲಿ ಗಂಡಸರ ಕೈಯಲ್ಲಿ ಸತ್ತವರು; ದೇವತೆಗಳು ಅವರ ಆತ್ಮಗಳಿಗೆ ಮತ್ತೆ ದೇಹ ಕೊಡುತ್ತಾರೆ. ರಾಣಿ ಹಿಪೊಲಿಟಾ ಕಡಲ ದಂಡೆಯ ಜೇಡಿಮಣ್ಣಿನಲ್ಲಿ ಒಂದು ಹೆಣ್ಣುಮಗುವಿನ ರೂಪ ತಿದ್ದುತ್ತಾಳೆ, ಆ ಮಣ್ಣಿಗೆ ಜೀವ ಬರುತ್ತದೆ; ಆ ಮಗುವೇ ಡಯಾನಾ, ಅಂದರೆ ವಂಡರ್ ವುಮನ್. ಒಂಬತ್ತು ವರ್ಷದ ನನ್ನ ತಂಗಿಯ ಮಗಳಿಗೆ ಆ ಪುಟಗಳನ್ನು ಕನ್ನಡದಲ್ಲಿ ಓದಿ ಹೇಳಿದ ದಿನ ಅವಳು ಚಿತ್ರದ ಮೇಲೆ ಬೆರಳಿಟ್ಟು, “ದೊಡ್ಡಮ್ಮಾ, ಗೌರಿ ಗಣಪನನ್ನು ಮಾಡಿದ ಹಾಗೇನಾ?” ಎಂದು ಕೇಳಿದಳು. ಆ ಪ್ರಶ್ನೆಯ ನಂತರ ಡಯಾನಾ ಯಾರು ಎಂದು ನಾನು ಅವಳಿಗೆ ಬೇರೆಯಾಗಿ ವಿವರಿಸಬೇಕಾಗಲಿಲ್ಲ.

ಮಕ್ಕಳಿಗೆ ಓದಿ ಹೇಳುವವರು ಶಬ್ದಗಳ ಆಯ್ಕೆಯ ಬಗ್ಗೆ ಸ್ವಲ್ಪ ಯೋಚಿಸಬೇಕು. ಅವಳ ಸೊಂಟದಲ್ಲಿ ತೂಗುವ ಹೊನ್ನಿನ ಹಗ್ಗಕ್ಕೆ ನಾನು ‘ಸತ್ಯಪಾಶ’ ಎನ್ನುತ್ತೇನೆ; ನಾಗಪಾಶ, ಯಮಪಾಶಗಳನ್ನು ಯಕ್ಷಗಾನದಲ್ಲೋ ಅಜ್ಜಿಯ ಬಾಯಲ್ಲೋ ಕೇಳಿದ ಮಕ್ಕಳಿಗೆ ಅದು ಕಟ್ಟುವ ವಸ್ತುವೆಂದೂ, ಬರಿಯ ಹಗ್ಗವಲ್ಲವೆಂದೂ ಕೂಡಲೇ ಹೊಳೆಯುತ್ತದೆ. ಕೈಬಳೆಗಳಿಗೆ ‘ಕಡಗ’ ಎಂದರೆ ಸಾಕು. ಆದರೆ ಅವು ಆಭರಣವಲ್ಲ, ಗ್ರೀಕ್ ವೀರ ಹೆರಾಕ್ಲಿಸನ ಸೆರೆಯಲ್ಲಿದ್ದ ಕಾಲವನ್ನು ಮರೆಯಬಾರದೆಂದು ಅಮೆಜಾನರು ತೊಟ್ಟುಕೊಂಡ ಗುರುತು ಎಂಬುದನ್ನು ಬಿಡದೆ ಹೇಳಿ. ಕಮಂಡಲದೊಳಗೆ ನಿಲ್ಲದೆ ಹೊರಗೆ ಹರಿದ ಕಾವೇರಿಯ ಕಥೆ ಗೊತ್ತಿರುವ ಮಗುವಿಗೆ ಇದು ಅರ್ಥವಾಗದೆ ಇರುವುದಿಲ್ಲ.

ಇಷ್ಟು ಓದಿ ಮನಸ್ಸು ಕೂತ ಮೇಲೆಯೇ ಹಿಂದಕ್ಕೆ ಹೋಗಬೇಕು. ವಂಡರ್ ವುಮನ್ ಮೊದಲು ಕಾಣಿಸಿಕೊಂಡದ್ದು 1941ರ ಕೊನೆಯಲ್ಲಿ, ‘ಆಲ್ ಸ್ಟಾರ್ ಕಾಮಿಕ್ಸ್’ ಪತ್ರಿಕೆಯ 8ನೇ ಸಂಚಿಕೆಯಲ್ಲಿ. ಅವಳನ್ನು ಸೃಷ್ಟಿಸಿದ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಮನಶ್ಶಾಸ್ತ್ರಜ್ಞರು. ರಕ್ತದೊತ್ತಡದ ಏರುಪೇರಿನಿಂದ ಸುಳ್ಳನ್ನು ಕಂಡುಹಿಡಿಯುವ ಪರೀಕ್ಷೆಯ ಮೇಲೆ ಕೆಲಸ ಮಾಡಿದವರು. ಚಿತ್ರ ಬರೆದವರು ಎಚ್. ಜಿ. ಪೀಟರ್. 1944ರಿಂದ ಜಾಯ್ ಹಮ್ಮೆಲ್ ಎಂಬ ಯುವತಿ ಮಾರ್ಸ್ಟನ್ನರ ಸಹಾಯಕರಾಗಿ ಸೇರಿ ಅನೇಕ ಕಥೆಗಳನ್ನು ಬರೆದರು, ಆದರೆ ಅಚ್ಚಾದದ್ದು ಮಾರ್ಸ್ಟನ್ನರ ಕಾವ್ಯನಾಮವೇ. ಹಳೆಯ ಸಂಪುಟಗಳನ್ನು ಓದುವಾಗ ಈ ಹೆಸರನ್ನು ನೆನಪಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ನಾವು ಪ್ರೀತಿಸುವ ಈ ನಾಯಕಿಯನ್ನು ಬೆಳೆಸಿದವರಲ್ಲಿ ಒಬ್ಬ ಹೆಣ್ಣುಮಗಳು ದಶಕಗಳ ಕಾಲ ಹೆಸರಿಲ್ಲದೆ ಇದ್ದರು. ಇನ್ನೊಂದು ವಿಷಯ: ಆರಂಭದ ಕಥೆಗಳಲ್ಲಿ ಆ ಪಾಶ ನಿಜ ಹೇಳಿಸುವುದಕ್ಕಿಂತ ಹೆಚ್ಚಾಗಿ, ಕಟ್ಟಿಸಿಕೊಂಡವರು ಹೇಳಿದಂತೆ ಕೇಳುವ ಹಾಗೆ ಮಾಡುತ್ತಿತ್ತು. ಈಗಿನ ಡಯಾನಾಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವನ್ನು ಓದುವವರಿಗೆ ಕಸಿವಿಸಿಯಾಗುವುದು ಸಹಜ. ದಿನಕ್ಕೆ ಒಂದೆರಡು ಕಥೆಗಳಿಗಿಂತ ಹೆಚ್ಚು ಓದದಿರುವುದು ಒಳ್ಳೆಯದು.

ಎಂಬತ್ತು ವರ್ಷ ದಾಟಿದ ನಾಯಕಿಯನ್ನು ಮೆಚ್ಚಿಕೊಂಡವರು ಒಂದು ನೋವಿಗೆ ಸಿದ್ಧರಿರಬೇಕು. ಅವಳು ಬೇರೆಯವರ ಕೈಯಲ್ಲಿದ್ದಾಳೆ, ಆ ಕೈಗಳು ಬದಲಾಗುತ್ತಲೇ ಇರುತ್ತವೆ. 1968ರಲ್ಲಿ ಅವಳ ಶಕ್ತಿ, ಉಡುಪು, ಪಾಶ ಎಲ್ಲವನ್ನೂ ತೆಗೆದು, ಬಟ್ಟೆ ಅಂಗಡಿ ನಡೆಸುವ ಸಾಮಾನ್ಯ ಹೆಂಗಸನ್ನಾಗಿ ಮಾಡಿದರು. 1972ರಲ್ಲಿ ಸ್ತ್ರೀವಾದಿ ಗ್ಲೋರಿಯಾ ಸ್ಟೈನಮ್ ಮತ್ತು ಅವರ ಗೆಳತಿಯರು ಹೊರತಂದ ‘ಮಿಸ್’ ಪತ್ರಿಕೆ ತನ್ನ ಮುಖಪುಟದಲ್ಲಿ ಹಳೆಯ ಉಡುಪಿನ ವಂಡರ್ ವುಮನ್‌ಳನ್ನೇ ನಿಲ್ಲಿಸಿತು. 1973ರ 204ನೇ ಸಂಚಿಕೆಯಲ್ಲಿ ಅವಳ ಶಕ್ತಿ ಮರಳಿ ಬಂತು. 2011ರ ಸರಣಿಯಲ್ಲಿ ಅವಳು ಮಣ್ಣಿನ ಮಗಳಲ್ಲ, ಜ್ಯೂಸ್ ದೇವನ ಮಗಳು ಎಂದಾಯಿತು. ಆ ಸರಣಿಯಲ್ಲಿ ಕ್ಲಿಫ್ ಚಿಯಾಂಗ್ ಅವರ ಚಿತ್ರಗಳು ಸೊಗಸಾಗಿವೆ, ಕಥೆಗೂ ಬಿಗಿಯಿದೆ. ಆದರೂ ತಂದೆಯಿಲ್ಲದೆ, ತಾಯಿಯ ಬಯಕೆಯೊಂದರಿಂದಲೇ ಹುಟ್ಟಿದವಳಿಗೆ ಒಬ್ಬ ತಂದೆಯನ್ನು ತಂದು ಜೋಡಿಸಿದ್ದನ್ನು ನಾನು ಇಂದಿಗೂ ಒಪ್ಪಿಲ್ಲ.

ಇಂಥ ಬದಲಾವಣೆ ಬಂದಾಗ ಮಾಡಬೇಕಾದದ್ದು ಇಷ್ಟು. ಕೊಳ್ಳುವುದನ್ನು ನಿಲ್ಲಿಸಿ, ಆದರೆ ಓದುವುದನ್ನು ನಿಲ್ಲಿಸಬೇಡಿ; ಹಿಡಿಸಿದ ಕಾಲದ ಕಥೆಗಳಿಗೆ ಮರಳಿ ಹೋಗಿ, ಹೊಸಬರು ಬರೆಯುವವರೆಗೆ ಕಾಯಿರಿ. 2016ರಲ್ಲಿ ಗ್ರೆಗ್ ರುಕಾ ಎರಡನೇ ಬಾರಿ ಬರೆಯಲು ಬಂದಾಗ, ತನ್ನ ಹುಟ್ಟಿನ ಬಗ್ಗೆ ತನಗೆ ತಿಳಿದಿದ್ದ ಸಂಗತಿಗಳಲ್ಲಿ ಸುಳ್ಳು ಬೆರೆತಿದೆ ಎಂಬುದನ್ನು ಡಯಾನಾಳೇ ಹುಡುಕುತ್ತ ಹೋಗುವ ಕಥೆಯನ್ನು ಕಟ್ಟಿದರು. ಈ ಸರಣಿಗೆ ಓದುವ ಕ್ರಮ ಗೊತ್ತಿರಬೇಕು. ಬೆಸ ಸಂಖ್ಯೆಯ ಸಂಚಿಕೆಗಳಲ್ಲಿ ಇಂದಿನ ಕಥೆಯೂ ಆರಂಭದ ಸಮ ಸಂಖ್ಯೆಯವುಗಳಲ್ಲಿ ನಿಕೋಲಾ ಸ್ಕಾಟ್ ಚಿತ್ರಿಸಿದ ಅವಳ ಮೊದಲ ವರ್ಷದ ಕಥೆಯೂ ಬರುತ್ತವೆ. 2ರಿಂದ 14ರವರೆಗಿನ ಸಮ ಸಂಖ್ಯೆಗಳನ್ನು ಒಟ್ಟಿಗೆ ಓದಿ ಮುಗಿಸಿ, ಬಳಿಕ ಬೆಸ ಸಂಖ್ಯೆಗಳಿಗೆ ಬಂದರೆ ಗೊಂದಲವಾಗುವುದಿಲ್ಲ. ಇವುಗಳಲ್ಲಿ 8ನೆಯದು ಮುಂದೆ ಡಯಾನಾಳ ಎದುರಾಳಿ ಚೀತಾ ಆಗುವ ಬಾರ್ಬರಾ ಮಿನರ್ವಾಳ ಬಾಲ್ಯ ಮತ್ತು ಹುಡುಕಾಟದ ಬಿಡಿ ಕಥೆ, ಅದನ್ನು ಬಿಡಬೇಡಿ.

ಅಭಿಮಾನಿಗಳು ಒಬ್ಬರೊಡನೊಬ್ಬರು ಮಾತಾಡುವಾಗಲೂ ಈ ಇತಿಹಾಸ ನೆನಪಿರಲಿ. 2017ರ ಸಿನಿಮಾ ನೋಡಿ ಬಂದವರ ಡಯಾನಾ ಬೇರೆ, ಎಪ್ಪತ್ತರ ದಶಕದ ಲಿಂಡಾ ಕಾರ್ಟರ್ ಅವರ ಟಿವಿ ಧಾರಾವಾಹಿಯಿಂದ ಬಂದವರ ಡಯಾನಾ ಬೇರೆ. 2016ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆ ಅವಳನ್ನು ಗೌರವ ರಾಯಭಾರಿಯಾಗಿ ಹೆಸರಿಸಿ, ಅವಳ ರೂಪ ಮತ್ತು ಉಡುಪಿನ ಬಗ್ಗೆ ವಿರೋಧ ಬಂದ ಮೇಲೆ ಡಿಸೆಂಬರಿನಲ್ಲೇ ಅದನ್ನು ಮುಗಿಸಿತು. ಆಗ ನಮ್ಮ ನಾಲ್ಕು ಜನರ ಓದಿನ ಗುಂಪಿನಲ್ಲೇ ಎರಡು ಪಕ್ಷಗಳಾಗಿದ್ದವು. ಯಾವ ಸಂಚಿಕೆಯಿಂದ ನಿಮಗೆ ಅವಳು ಹತ್ತಿರವಾದಳು ಎಂದು ಮೊದಲು ಕೇಳಿ, ಅದನ್ನು ತರಿಸಿ ಓದಿದ ಮೇಲೆ ವಾದಕ್ಕೆ ಕೂರುವುದು ನಾವು ಅಂದಿನಿಂದ ಇಟ್ಟುಕೊಂಡ ಪದ್ಧತಿ.

ಇನ್ನು ಕಾಗದವನ್ನು ಉಳಿಸಿಕೊಳ್ಳುವ ವಿಚಾರ. ಕೊಡಗಿನಲ್ಲಿ ಇದೇ ದೊಡ್ಡ ಕೆಲಸ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲೇ ಬೀಳುತ್ತದೆ. ಎಂಬತ್ತರ ದಶಕದವರೆಗಿನ ಸಂಚಿಕೆಗಳು ಬಹುಪಾಲು ಅಗ್ಗದ ನ್ಯೂಸ್‌ಪ್ರಿಂಟಿನಲ್ಲಿ ಅಚ್ಚಾದವು. ಆ ಕಾಗದದಲ್ಲೇ ಇರುವ ಆಮ್ಲ ಅದನ್ನು ಹಳದಿಯಾಗಿಸಿ ಪುಡಿಪುಡಿ ಮಾಡುತ್ತದೆ, ಬೆಳಕೂ ತೇವವೂ ಆ ಕೆಲಸವನ್ನು ಬೇಗ ಮುಗಿಸುತ್ತವೆ. ನಡುವಿನ ಪಿನ್ನುಗಳು ತುಕ್ಕು ಹಿಡಿದು, ಸುತ್ತಲಿನ ಕಾಗದಕ್ಕೆ ಕಂದು ಕಲೆ ಹತ್ತಿ, ಕೊನೆಗೆ ನಡುಹಾಳೆ ಕಳಚಿ ಕೈಗೆ ಬರುತ್ತದೆ.

ತೋಟದವರಿಗೆ ತೇವಾಂಶದ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಣ್ಣಿನ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿಯನ್ನು ಶೇಕಡಾ 10ರ ತೇವಾಂಶಕ್ಕೆ ಒಣಗಿಸದೆ ಚೀಲಕ್ಕೆ ತುಂಬಿದರೆ ಏನಾಗುತ್ತದೆ ಎಂದು ಪ್ರತಿ ಮನೆಯಲ್ಲೂ ಗೊತ್ತಿದೆ, ಕಾಮಿಕ್ಸಿನದೂ ಅದೇ ಲೆಕ್ಕ. ಗಾಳಿಯ ತೇವಾಂಶ ಶೇಕಡಾ 50ರ ಆಸುಪಾಸು ಇದ್ದರೆ ಕಾಗದಕ್ಕೆ ಹಿತ. 65 ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ. ಜುಲೈಯಲ್ಲಿ ನನ್ನ ಕೋಣೆಯ ಮಾಪಕ 90ರ ಮೇಲೆಯೇ ಇರುತ್ತದೆ. ಆದ್ದರಿಂದ ಕೋಣೆಯನ್ನು ಒಣಗಿಸುವ ಪ್ರಯತ್ನ ಬಿಟ್ಟು, ಪೆಟ್ಟಿಗೆಯ ಒಳಗನ್ನು ಒಣಗಿಸಿಡುವುದೇ ಸರಿ.

ರಬ್ಬರ್ ಅಂಚಿರುವ, ನಾಲ್ಕೂ ಬದಿಗೆ ಬಿಗಿಯುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಆರಿಸಿಕೊಳ್ಳಿ. ಪ್ರತಿ ಸಂಚಿಕೆಯನ್ನೂ ಪಾಲಿಪ್ರೊಪಿಲೀನ್ ಕವರಿನಲ್ಲಿ, ಹಿಂದೆ ಆಮ್ಲರಹಿತ ರಟ್ಟಿಟ್ಟು ಸೇರಿಸಿ. ಪಿವಿಸಿ ಕವರುಗಳು ಕಾಲಕ್ರಮದಲ್ಲಿ ಜಿಗುಟಾಗಿ ಮುಖಪುಟದ ಬಣ್ಣವನ್ನೇ ಎಳೆದುಕೊಳ್ಳುತ್ತವೆ. ಸಂಚಿಕೆಗಳನ್ನು ಒಂದರ ಮೇಲೊಂದು ಪೇರಿಸದೆ, ಬಾಗದಂತೆ ನೆಟ್ಟಗೆ ನಿಲ್ಲಿಸಿ. ಎಲ್ಲಕ್ಕಿಂತ ಮುಖ್ಯವಾದದ್ದು ಪೆಟ್ಟಿಗೆ ಮುಚ್ಚುವ ಸಮಯ. ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದಂತೆ. ಆದ್ದರಿಂದ ಮಾರ್ಚ್ ತಿಂಗಳಲ್ಲಿ, ಸತತ ನಾಲ್ಕೈದು ದಿನ ಒಣಹವೆ ಇದ್ದ ಬಳಿಕ, ಮಧ್ಯಾಹ್ನದ ಹೊತ್ತಿನಲ್ಲಿ ಮುಚ್ಚಬೇಕು. ಒಳಗೆ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಚೀಲಗಳನ್ನೂ ಒಂದು ಸಣ್ಣ ತೇವಾಂಶ ಮಾಪಕವನ್ನೂ ಇಡಿ. ಹರಳುಗಳ ಬಣ್ಣ ಬದಲಾದಾಗ ಅವನ್ನು ಅಡುಗೆಗೆ ಬಳಸದ ತಟ್ಟೆಯಲ್ಲಿ ಸುರಿದು, ಓವನ್ನಿನಲ್ಲಿ 110ರಿಂದ 120 ಡಿಗ್ರಿಯ ಶಾಖಕ್ಕೆ ಒಂದೆರಡು ಗಂಟೆ ಇಟ್ಟರೆ ಮೊದಲಿನ ಬಣ್ಣಕ್ಕೆ ಮರಳುತ್ತವೆ.

ನಮ್ಮ ಹಿರಿಯರು ಮಳೆಗಾಲದಲ್ಲಿ ಒಣಗಬೇಕಾದ್ದನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು. ಕಾಮಿಕ್ಸಿಗೆ ಅದು ಆಗಬರುವುದಿಲ್ಲ, ಹೊಗೆಯ ಮಸಿ ಮತ್ತು ಜಿಡ್ಡು ಕಾಗದದ ಎಳೆಗೆ ಇಳಿದರೆ ಮತ್ತೆ ಬಿಡುವುದಿಲ್ಲ. ಪೆಟ್ಟಿಗೆಯನ್ನು ಹೊರಗೋಡೆಗೆ ಒರಗಿಸಬೇಡಿ, ನೆಲದ ಮೇಲೂ ಇಡಬೇಡಿ. ಗೆದ್ದಲು ಬರುವುದು ಆ ದಾರಿಯಲ್ಲೇ. ಹರಿದ ಪುಟಕ್ಕೆ ಸೆಲ್ಲೋಟೇಪ್ ಅಂಟಿಸುವುದನ್ನೂ ಲ್ಯಾಮಿನೇಶನ್ ಮಾಡಿಸುವುದನ್ನೂ ಪೂರ್ತಿಯಾಗಿ ಬಿಟ್ಟುಬಿಡಿ.

ಪಾರ್ಸೆಲ್ ತರಿಸುವ ಕಾಲವನ್ನೂ ಆರಿಸಿಕೊಳ್ಳಬೇಕು. ಒಂದು ಆಷಾಢದಲ್ಲಿ ಕೊರಿಯರ್‌ನವರೊಬ್ಬರು ನನ್ನ ಸಂಪುಟವನ್ನು ತೋಟದ ಗೇಟಿಗೆ ಸಿಕ್ಕಿಸಿ ಹೋಗಿದ್ದರು. ಸಂಜೆ ನಾನು ಕಾಣುವ ಹೊತ್ತಿಗೆ ಅದು ನೀರು ಕುಡಿದು ಊದಿಕೊಂಡಿತ್ತು. ಈಚಿನ ಸಂಪುಟಗಳ ನುಣುಪು ಕಾಗದ ಒದ್ದೆಯಾಗಿ ಹಾಗೆಯೇ ಒಣಗಿದರೆ ಪುಟಗಳು ಇಟ್ಟಿಗೆಯಂತೆ ಅಂಟಿಕೊಳ್ಳುತ್ತವೆ. ಹಾಗಾಗುವ ಮೊದಲು, ಒದ್ದೆ ಇರುವಾಗಲೇ, ಪುಟಗಳ ನಡುವೆ ಬಿಳಿಯ ಟಿಶ್ಯೂ ಕಾಗದ ಸೇರಿಸುತ್ತ, ಫ್ಯಾನಿನ ಗಾಳಿಯಲ್ಲಿ ಆಗಾಗ ಬದಲಿಸುತ್ತ ಒಣಗಿಸಬೇಕು. ಕರೆಂಟು ಇಲ್ಲವೆಂದಾದರೆ, ಬರುವವರೆಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕರೆಂಟಿರುವ ಬಂಧುಗಳ ಮನೆಯ ಫ್ರೀಜರಿನಲ್ಲಿಟ್ಟರೆ ಬೂಷ್ಟು ತಡೆಯಬಹುದು. ಆ ಸಂಪುಟದಲ್ಲಿ ಕೊನೆಯ ಹನ್ನೆರಡು ಪುಟಗಳನ್ನು ಬಿಟ್ಟು ಉಳಿದುವನ್ನು ನಾನು ಹೀಗೆ ಬಿಡಿಸಿಕೊಂಡೆ. ಅಂದಿನಿಂದ ಮಳೆಗಾಲದ ಪಾರ್ಸೆಲ್‌ಗಳನ್ನೆಲ್ಲ ಪೇಟೆಯಲ್ಲಿ ಪರಿಚಯದ ಅಂಗಡಿಯ ವಿಳಾಸಕ್ಕೆ ತರಿಸುತ್ತೇನೆ.

ಬೂಷ್ಟು ಕಂಡ ಸಂಚಿಕೆಯನ್ನು ಕೂಡಲೇ ಉಳಿದವುಗಳಿಂದ ಬೇರೆ ಮಾಡಿ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಪೂರ್ತಿ ಒಣಗಿದ ಮೇಲೆ, ಹೊರಗಿನ ನೆರಳಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ತಳ್ಳಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಕಲೆ ಒಳಗೆ ಇಳಿಯುತ್ತದೆ.

ಕೊಂಡಿರುವ ಸಂಚಿಕೆಗಳ ಪಟ್ಟಿಯೊಂದನ್ನು ಇಸವಿ ಸಮೇತ ಬರೆದು, ಅದರ ಫೋಟೊವನ್ನು ಫೋನಿನಲ್ಲೂ ದೂರದ ಊರಿನ ಬಂಧುವೊಬ್ಬರ ಬಳಿಯೂ ಇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಮ್ಮ ಗುಂಪಿನ ಗೆಳತಿಯೊಬ್ಬಳು ಮಕ್ಕಳನ್ನೂ ಮನೆಯ ಕಾಗದಪತ್ರಗಳನ್ನೂ ಹಿಡಿದುಕೊಂಡು ಹೊರಟು ಬಂದಳು. ಇಪ್ಪತ್ತು ವರ್ಷ ಕೂಡಿಟ್ಟ ಪೆಟ್ಟಿಗೆ ಮಣ್ಣಿನಡಿ ಉಳಿಯಿತು. ಮನೆ ಮತ್ತೆ ಎದ್ದ ಮೇಲೆ, ಬೆಲೆಬಾಳುವ ಸಂಚಿಕೆಗಳನ್ನು ಹುಡುಕಲು ನಾವೆಲ್ಲ ಸಹಾಯ ಮಾಡುತ್ತೇವೆಂದಾಗ ಅವಳು ಕೇಳಿದ್ದು 1987ರ ಸರಣಿಯ 20ನೇ ಸಂಚಿಕೆಯೊಂದನ್ನೇ. ಡಯಾನಾಳ ಪ್ರಚಾರದ ಕೆಲಸ ನೋಡಿಕೊಳ್ಳುತ್ತಿದ್ದ ಮಿಂಡಿ ಮೇಯರ್ ಸತ್ತುಹೋದ ಕಥೆ ಅದು. ಗೆಳತಿಯೊಬ್ಬಳು ಹೇಗೆ ಸತ್ತಳು ಎಂದು ತಿಳಿಯಲು ಡಯಾನಾ ಅಲೆಯುತ್ತಾಳೆ. ಮಾರುಕಟ್ಟೆಯಲ್ಲಿ ಅದಕ್ಕೆ ಹೆಚ್ಚಿನ ಬೆಲೆಯಿಲ್ಲ. ನನ್ನ ಪ್ರತಿಯನ್ನೇ ಅವಳಿಗೆ ಕೊಟ್ಟೆ. ಕಳೆದುಕೊಂಡವರಿಗೆ ಮತ್ತೆ ಕೂಡಿಸಿಕೊಡುವಾಗ ಯಾವುದು ಅಪರೂಪ ಎಂದು ನೋಡದೆ, ಯಾವುದಿಲ್ಲದೆ ಅವರಿಗೆ ಇರಲಾಗುತ್ತಿಲ್ಲ ಎಂದು ಕೇಳಿ ಕೊಡಿ.

ಓದಲು ಕೊಡುವುದಕ್ಕೆ ಒಂದು ನೋಟ್‌ಬುಕ್ ಇರಲಿ. ಸಂಚಿಕೆ, ಇಸವಿ, ಒಯ್ದವರ ಹೆಸರು, ಒಯ್ದ ದಿನ, ಹಿಂದಿರುಗಿದ ದಿನ ಎಂದು ಐದು ಅಂಕಣ ಸಾಕು. ಜೂನ್‌ನಿಂದ ಸೆಪ್ಟೆಂಬರಿನ ಕೊಡವ ಹಬ್ಬ ಕೈಲ್ ಮುಹೂರ್ತದವರೆಗೆ ಬಿಡಿ ಸಂಚಿಕೆಗಳನ್ನು ಮನೆಯಿಂದ ಹೊರಗೆ ಕಳಿಸಬೇಡಿ, ಆ ತಿಂಗಳುಗಳಲ್ಲಿ ಓದಲು ಕೇಳಿದವರಿಗೆ ಹೊಸ ಮುದ್ರಣದ ಸಂಪುಟಗಳನ್ನು ಕೊಡಿ. ತುಲಾ ಸಂಕ್ರಮಣ ಕಳೆದು ಬಿಸಿಲು ಬಂದ ಮೇಲೆ ಪೆಟ್ಟಿಗೆ ತೆರೆದು, ಮೊದಲು ಪಿನ್ನುಗಳನ್ನೂ ಆಮೇಲೆ ಹರಳುಗಳ ಬಣ್ಣವನ್ನೂ ನೋಡಿ, ಕಾದಿರಿಸಿದವರಿಗೆ ಸರದಿಯ ಪ್ರಕಾರ ಕೊಡುತ್ತ ಹೋಗಿ.