ಶಿರಸಿಯಿಂದ ಒಂದು ದಿನದ ಬಸ್ ಟೂರಿಗೆ ಸೀಟು ಹಿಡಿಯುವ ಮುನ್ನ

ಟೂರಿನವರು ಯಾಣ, ಗೋಕರ್ಣ, ಮಿರ್ಜಾನ್ ಕೋಟೆ, ಮುರ್ಡೇಶ್ವರ ಎಲ್ಲವೂ ಒಂದೇ ದಿನ ಎಂದರೆ ಒಂದೇ ಪ್ರಶ್ನೆ ಕೇಳಿ: ಯಾವ ಜಾಗದಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ? ಜಾಗ ಜಾಸ್ತಿ ಆದಷ್ಟೂ ದಿನವೆಲ್ಲ ಬಸ್ಸಿನಲ್ಲೇ ಕಳೆಯುತ್ತದೆ.

ಯಾಣಕ್ಕೆ ಬೆಳಿಗ್ಗೆಯೇ ಹೋಗುವ ಟೂರನ್ನೇ ಆರಿಸಿ. ಬಸ್ ನಿಂತಲ್ಲಿಂದ ಕಾಡಿನ ದಾರಿಯಲ್ಲಿ ನಡೆಯಬೇಕು, ಕೊನೆಗೆ ಮೆಟ್ಟಿಲೂ ಇವೆ. ಅಲ್ಲಿನ ದೊಡ್ಡ ಬಂಡೆ ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ. ಬಂಡೆಯ ಸೀಳಿನೊಳಗೆ ಬರಿಗಾಲಲ್ಲಿ ಸುತ್ತು ಹಾಕುವುದೇ ಅಲ್ಲಿನ ಖುಷಿ, ಅದನ್ನು ಓಡೋಡಿ ಮುಗಿಸಬಾರದು. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಯಾಣ ಬಿಟ್ಟು ಬನವಾಸಿ ನೋಡಿ. ಮಧುಕೇಶ್ವರ ದೇವಸ್ಥಾನದ ಅಂಗಳದಲ್ಲಿ ಆರಾಮಾಗಿ ಕೂರಬಹುದು.

ಗೋಕರ್ಣ, ಮುರ್ಡೇಶ್ವರಕ್ಕೆ ಮಧ್ಯಾಹ್ನ ತಲುಪಿದರೆ ಗರ್ಭಗುಡಿ ಬಾಗಿಲು ಹಾಕಿರುತ್ತದೆ. ದರ್ಶನದ ಸಮಯ ಮೊದಲೇ ವಿಚಾರಿಸಿ. ಮುರ್ಡೇಶ್ವರದ ಗೋಪುರದ ಲಿಫ್ಟಿಗೆ ರಜಾದಿನ ಉದ್ದ ಸಾಲು ಇರುತ್ತದೆ, ಅದಕ್ಕೆ ಬೇರೆ ಹೊತ್ತು ಇಟ್ಟುಕೊಳ್ಳಿ.

ಶಿರಸಿ-ಕುಮಟಾ ದಾರಿಯ ದೇವಿಮನೆ ಘಾಟಿಯ ತಿರುವುಗಳಲ್ಲಿ ಮಕ್ಕಳಿಗೆ ವಾಂತಿ ಬರುವುದು ಮಾಮೂಲು. ಮುಂದಿನ ಸೀಟು ಕೇಳಿ ಪಡೆಯಿರಿ. ಹೊಟ್ಟೆ ತುಂಬಾ ತಿನ್ನಿಸಿ ಹತ್ತಿಸಬೇಡಿ. ಲಿಂಬೆಹಣ್ಣು, ಒಂದೆರಡು ಚೀಲ ಕೈಗೆ ಸಿಗುವಂತಿರಲಿ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿಯುವುದುಂಟು, ಬಸ್ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಹಿಂದಿನ ದಿನವೇ ಕೇಳಿ.

ದುಡ್ಡು ಕೊಡುವಾಗ ಊಟ, ಪಾರ್ಕಿಂಗ್, ಪ್ರವೇಶ ಶುಲ್ಕ ಸೇರಿದೆಯಾ ಅಂತ ಬರವಣಿಗೆಯಲ್ಲೇ ಪಡೆಯಿರಿ, ವಾಟ್ಸ್ಆ್ಯಪ್ ಮೆಸೇಜ್ ಆದರೂ ಸಾಕು. ಚಾಲಕರ ನಂಬರನ್ನು ಇಬ್ಬರ ಮೊಬೈಲಿನಲ್ಲಾದರೂ ಸೇವ್ ಮಾಡಿಕೊಳ್ಳಿ.