ಚೋರ್ ಬಜಾರಿನ ‘ಮದ್ರಾಸಿ ಮಾಲ್’ ಗುಡ್ಡೆ

ಶುಕ್ರವಾರ ಬೆಳಗಿನ ಮೊದಲ ಲೋಕಲ್‌ಗಳಲ್ಲೊಂದನ್ನು ಹಿಡಿದು ಮುಂಬೈಯ ಮಾಟುಂಗಾದಿಂದ ಸ್ಯಾಂಡ್‌ಹರ್ಸ್ಟ್ ರೋಡಿಗೆ ಹೋಗಿ, ಅಲ್ಲಿಂದ ಭೇಂಡಿ ಬಜಾರನ್ನು ಹಾಯ್ದು ಹಳೆಯ ಸಾಮಾನಿನ ಚೋರ್ ಬಜಾರಿನ ಮಟನ್ ಸ್ಟ್ರೀಟಿನವರೆಗೆ ನಡೆಯುವ ಅಭ್ಯಾಸ ನನಗೆ ಅಂಟಿಕೊಂಡು ಇಪ್ಪತ್ತೆರಡು ವರ್ಷಗಳಾದವು. ಚೋರ್ ಬಜಾರಿನ ಅಂಗಡಿಗಳನ್ನು ನೋಡಬೇಕೆನ್ನುವವರು ವಾರದ ಬೇರೆ ದಿನಗಳಲ್ಲಿ ಹನ್ನೊಂದರ ಮೇಲೆ ಹೋಗುವುದೇ ಸರಿ, ಏಕೆಂದರೆ ಶುಕ್ರವಾರ ಅವುಗಳ ಬಾಗಿಲು ಮುಚ್ಚಿರುತ್ತದೆ. ಅಗ್ಗದ ಮಾಲು ಬೇಕಾದವನಿಗೆ ಮಾತ್ರ ಆ ಮುಚ್ಚಿದ ಬಾಗಿಲುಗಳ ಮುಂದಿನ ರಸ್ತೆಯೇ ಮುಖ್ಯ. ಊರೆಲ್ಲ ಸುತ್ತಿ ವಾರವಿಡೀ ಕೂಡಿಹಾಕಿದ್ದನ್ನು ಭಂಗಾರದವರು, ಅಂದರೆ ಗುಜರಿ ಕೊಳ್ಳುವವರು, ಅಂದು ನಸುಕಿನಲ್ಲಿ ತಾಡಪತ್ರಿಯ ಮೇಲೆ ಸುರಿಯುತ್ತಾರೆ. ಅಂಗಡಿಕಾರರೂ ಅಲ್ಲಿಗೇ ಬಂದು ಟಾರ್ಚಿನ ಬೆಳಕಿನಲ್ಲಿ ತಮಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾರೆ. ಶುಕ್ರವಾರ ರಸ್ತೆಯಲ್ಲಿ ಇನ್ನೂರು ರೂಪಾಯಿ ಹೆಚ್ಚಾಯಿತೆಂದು ನಾನು ಬಿಟ್ಟುಬಂದ ವಸ್ತು ಮರುದಿನ ಅಂಗಡಿಯ ಗಾಜಿನ ಹಿಂದೆ ಎರಡು ಸಾವಿರದ ಚೀಟಿ ಅಂಟಿಸಿಕೊಂಡು ಕುಳಿತಿದ್ದುದನ್ನು ಒಮ್ಮೆ ಅಲ್ಲ, ಹಲವು ಸಲ ಕಂಡಿದ್ದೇನೆ.

ನಾನು ಹುಡುಕುವುದು ಒಂದೇ ವಸ್ತುವನ್ನು: ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮೋಫೋನಿನ ಅರಗಿನ ಗಾನತಟ್ಟೆ, ಅದರಲ್ಲಿಯೂ ಕನ್ನಡದ್ದು. ಧಾರವಾಡದ ನಮ್ಮ ಮನೆಯಲ್ಲಿ ಇದಕ್ಕೆ ಪ್ಲೇಟು ಎನ್ನುತ್ತಿದ್ದರು, ಚೋರ್ ಬಜಾರಿನಲ್ಲಿ ತವಾ ಎನ್ನುತ್ತಾರೆ. ಮೊದಲ ಎರಡು ವರ್ಷ ನಾನು ಕಂಡದ್ದನ್ನೆಲ್ಲ ಕೊಂಡೆ. ಹಿತ್ತಾಳೆಯ ಅಡಕೊತ್ತು, ಪಿಂಗಾಣಿಯ ಬರಣಿ, ನಡೆಯದ ಗೋಡೆ ಗಡಿಯಾರ ಎಲ್ಲವೂ ಮನೆ ಸೇರಿದವು. ಯಾವುದರ ಬಗ್ಗೆಯೂ ನನಗೆ ಮಾರುವವನಿಗಿಂತ ಹೆಚ್ಚು ತಿಳಿದಿರಲಿಲ್ಲವಾದ್ದರಿಂದ ಯಾವುದೂ ಅಗ್ಗಕ್ಕೆ ಸಿಕ್ಕಿರಲಿಲ್ಲ ಎಂಬುದು ತಡವಾಗಿ ಅರ್ಥವಾಯಿತು. ಹಿತ್ತಾಳೆಯ ತೂಕವನ್ನು ಅವನು ಕೈಯಲ್ಲಿ ಹಿಡಿದೇ ಹೇಳಬಲ್ಲ. ಆದರೆ ಕನ್ನಡ ಅಕ್ಷರವನ್ನು ಅವನು ಓದಲಾರ, ನಾನು ಓದಬಲ್ಲೆ. ನನ್ನ ವ್ಯಾಪಾರವೆಲ್ಲ ನಿಂತಿರುವುದು ಇಷ್ಟರ ಮೇಲೆಯೇ.

ರಸ್ತೆಯಲ್ಲಿ ತಟ್ಟೆಗಳನ್ನು ಮಾರುವವರು ಅವುಗಳನ್ನು ತಮ್ಮದೇ ರೀತಿಯಲ್ಲಿ ವಿಂಗಡಿಸುತ್ತಾರೆ. ಹಳೆಯ ಹಿಂದಿ ಸಿನಿಮಾದ್ದು ಕೈಗೆಟುಕುವಂತೆ ಮುಂದೆ, ಗಜಲ್ ಮತ್ತು ಕವ್ವಾಲಿ ಅದರ ಪಕ್ಕದಲ್ಲಿ, ಮರಾಠಿ ನಾಟ್ಯಗೀತೆಗಳು ಒಂದು ಕಟ್ಟಾಗಿ. ಉಳಿದ ದುಂಡಕ್ಷರದ್ದೆಲ್ಲ, ಅಂದರೆ ಕನ್ನಡ, ತೆಲುಗು, ತಮಿಳು, ಮಲಯಾಳ ಎಲ್ಲವೂ ಸೇರಿ, ಹಿಂದೆ ಒಂದು ಗೋಣಿಚೀಲದಲ್ಲಿ ‘ಮದ್ರಾಸಿ ಮಾಲ್’ ಎಂಬ ಹೆಸರಿನಲ್ಲಿ ಬಿದ್ದಿರುತ್ತಿತ್ತು. ಕೇಳುವವರಿಲ್ಲದ ಆ ಚೀಲದಲ್ಲಿ ಒಂದು ತಟ್ಟೆಗೆ ಹತ್ತು ರೂಪಾಯಿ ಕೊಟ್ಟ ದಿನಗಳು ನನಗೆ ನೆನಪಿವೆ. ರೋಮನ್ ಲಿಪಿಯಲ್ಲಷ್ಟೇ ಮುದ್ರಣವಾದ ಲೇಬಲ್‌ಗಳಲ್ಲಿ ‘ಕೆನರೀಸ್’ (ಕನ್ನಡಕ್ಕೆ ಇಂಗ್ಲಿಷಿನ ಹಳೆಯ ಹೆಸರು) ಎಂಬ ಸಣ್ಣಕ್ಷರದ ಪದವನ್ನು ಹುಡುಕಬೇಕು. ಬಣ್ಣ ಮಾಸಿದ ಲೇಬಲ್ಲಿನಲ್ಲಿ ಅದು ಕಣ್ಣಿಗೆ ಬೀಳುವುದು ಸುಲಭವಲ್ಲ. ಹೆಸರುಗಳ ಜಾಡೂ ಗೊತ್ತಿರಬೇಕು. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಆರಂಭದ ಮುದ್ರಣಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದಿದ್ದವು ಎಂಬುದನ್ನು ಅರಿಯದವನು ಆ ತಟ್ಟೆಯನ್ನು ಯಾರೋ ಅಜ್ಞಾತ ಗಾಯಕಿಯದೆಂದು ಬದಿಗೆ ಸರಿಸುತ್ತಾನೆ. ನನಗೆ ಅದು ದೊರೆತದ್ದು ಹಾಗೆ ಬದಿಗೆ ಸರಿಸಿದ ರಾಶಿಯಲ್ಲಿ, ಮೂವತ್ತು ರೂಪಾಯಿಗೆ. ಲೇಬಲ್ಲಿನ ಕೆಳಗಿನ ಅಂಚನ್ನೂ ಓದುವುದು ಒಳ್ಳೆಯದು. 1908ರಲ್ಲಿ ಕಲ್ಕತ್ತೆಯಲ್ಲಿ ಕಾರ್ಖಾನೆ ಆರಂಭವಾಗುವವರೆಗೆ ಗ್ರಾಮೋಫೋನ್ ಕಂಪನಿಯ ಭಾರತೀಯ ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗಿ ಬರುತ್ತಿದ್ದವು. ಆ ಊರಿನ ಹೆಸರು ಕಂಡರೆ ಹಾಡು ಯಾವ ಭಾಷೆಯದೇ ಆಗಿರಲಿ, ನಾನು ಬಿಡುವುದಿಲ್ಲ.

ಕೊಳ್ಳುವ ಮುನ್ನ ಪರೀಕ್ಷಿಸುವ ಕೆಲಸಕ್ಕೆ ಅರ್ಧ ನಿಮಿಷ ಸಾಕು, ಆದರೆ ಆ ಅರ್ಧ ನಿಮಿಷವನ್ನು ಉಳಿಸಲು ಹೋಗಿ ನಾನು ಕಳೆದುಕೊಂಡ ಹಣ ಕಡಿಮೆಯಲ್ಲ. ತಟ್ಟೆಯ ನಡುವಿನ ತೂತಿಗೆ ಬೆರಳನ್ನು ತೂರಿಸಿ ಅದನ್ನು ತೂಗುಬಿಟ್ಟು, ಇನ್ನೊಂದು ಕೈಯ ಗೆಣ್ಣಿನಿಂದ ಮೆಲ್ಲಗೆ ತಟ್ಟಬೇಕು. ನಮ್ಮ ಹೆಂಗಸರು ಸಂತೆಯಲ್ಲಿ ಮಡಕೆಯನ್ನು ತಟ್ಟಿ ನೋಡುವ ಪರಿಯೇ ಇದು. ಸೀಳಿಲ್ಲದ ತಟ್ಟೆ ಕಣಕಣ ಎನ್ನುತ್ತದೆ. ಕೂದಲೆಳೆಯಷ್ಟು ಸೀಳಿದ್ದರೂ ಸದ್ದು ಬೋದಾಗಿರುತ್ತದೆ. ಆ ಸೀಳು ಪ್ರತಿ ಸುತ್ತಿಗೊಮ್ಮೆ ಸೂಜಿಯನ್ನು ತಟ್ಟುವುದರಿಂದ ಮೂರು ನಿಮಿಷದ ಹಾಡಿನಲ್ಲಿ ಇನ್ನೂರಮೂವತ್ತಕ್ಕೂ ಹೆಚ್ಚು ಟಕಟಕ ಕೇಳಬೇಕಾಗುತ್ತದೆ. ಅಂಚಿನಲ್ಲಿ ಇಲಿ ಕಡಿದಂತೆ ಮುಕ್ಕಾಗಿದ್ದರೆ ಹೆದರಬೇಕಾಗಿಲ್ಲ, ಹಾಡಿನ ಗೆರೆಗಳವರೆಗೆ ಅದು ಬಂದಿಲ್ಲವೆಂಬುದನ್ನು ನೋಡಿಕೊಂಡರಾಯಿತು. ಆಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಮೇಲ್ಮೈಯನ್ನು ಗಮನಿಸಬೇಕು. ಕಪ್ಪಗೆ ಹೊಳೆಯುವುದು ಒಳ್ಳೆಯದು, ಬೂದಿಬಣ್ಣಕ್ಕೆ ತಿರುಗಿದ್ದು ಸವೆದದ್ದು. ಉಕ್ಕಿನ ಸೂಜಿಯನ್ನು ಒಂದು ಮಗ್ಗುಲಿಗೆ ಒಂದರಂತೆ ಬದಲಿಸಬೇಕೆಂಬ ನಿಯಮವನ್ನು ಆ ಮನೆಯವರು ಪಾಲಿಸಿದ್ದರೋ, ಒಂದೇ ಸೂಜಿಯಲ್ಲಿ ದೀಪಾವಳಿಯಿಂದ ದೀಪಾವಳಿಯವರೆಗೆ ನಡೆಸಿದ್ದರೋ ಎಂಬುದು ಆ ಬಣ್ಣದಲ್ಲೇ ತಿಳಿಯುತ್ತದೆ. ವಿಚಿತ್ರವೆಂದರೆ, ಕಪಾಟಿನಲ್ಲಿ ಚೆನ್ನಾಗಿ ಉಳಿದಿರುವುದು ಯಾರಿಗೂ ಬೇಡವಾಗಿದ್ದ ಹಾಡು. ಮನೆಯವರೆಲ್ಲ ಮೆಚ್ಚಿ ಕೇಳಿದ್ದು ಬೂದಿಯಾಗಿರುತ್ತದೆ.

ಚೌಕಾಶಿಯ ವಿಷಯದಲ್ಲಿ ನಾನು ಪಳಗಿದವನೇನಲ್ಲ. ಬೇಕಾದ ತಟ್ಟೆಯನ್ನು ಬೇಡವಾದ ನಾಲ್ಕರ ನಡುವೆ ಇಟ್ಟು ಐದಕ್ಕೂ ಸೇರಿಸಿ ದರ ಕೇಳುವುದು, ಚಿಲ್ಲರೆ ನೋಟುಗಳನ್ನು ಅಂಗಿಯ ಜೇಬಿನಲ್ಲಿ ಬೇರೆಯಾಗಿ ಇಟ್ಟುಕೊಳ್ಳುವುದು, ಬೋಣಿಗೆಯ ಹೊತ್ತಿನಲ್ಲಿ ಮೊದಲ ಗಿರಾಕಿಯಾಗಿ ನಿಲ್ಲುವುದು, ಇವಿಷ್ಟೇ ನನ್ನ ಉಪಾಯಗಳು. ದರ ಕೇಳಿದ ಮೇಲೆ ಕೊಳ್ಳದೆ ಬೋಣಿಗೆ ಕೆಡಿಸಿದವನನ್ನು ಅಲ್ಲಿ ಬಹುಕಾಲ ಮರೆಯುವುದಿಲ್ಲವಾದ್ದರಿಂದ, ಬೇಕೆನಿಸುವವರೆಗೆ ನಾನು ದರವನ್ನೇ ಕೇಳುವುದಿಲ್ಲ.

ಇನ್ನು ಮೋಸಹೋದ ಪ್ರಸಂಗ. ತಟ್ಟೆಗಳು ನೂರಾದ ವರ್ಷ, ಅವನ್ನು ಹಿತ್ತಾಳೆಯ ಭೋಂಗಾದ, ಅಂದರೆ ಕಹಳೆಯಂಥ ಬಾಯಿಯ, ಗ್ರಾಮೋಫೋನಿನಲ್ಲಿಯೇ ಕೇಳಬೇಕೆಂಬ ಆಸೆ ಹುಟ್ಟಿತು. ಒಂದು ಅಂಗಡಿಯಲ್ಲಿ ಆರು ಸಾವಿರ ರೂಪಾಯಿ ಕೊಟ್ಟು ಫಳಫಳ ಹೊಳೆಯುವ ಯಂತ್ರವೊಂದನ್ನು ತಂದೆ. ಪೆಟ್ಟಿಗೆಯ ಮೇಲೆ ಭೋಂಗಾದೊಳಗೆ ಕಿವಿಗೊಟ್ಟ ಎಚ್ಎಂವಿ ಕಂಪನಿಯ ನಾಯಿಯ ಚಿತ್ರವಿತ್ತು, ನಾನು ಅದನ್ನೇ ನಂಬಿದ್ದೆ. ಎರಡನೆಯ ದಿನ ಒಳ್ಳೆಯ ತಟ್ಟೆಯೊಂದರ ಮೇಲೆ ಸೂಜಿ ಇಟ್ಟಾಗ ಅದು ನೇಗಿಲಿನಂತೆ ಉಳುತ್ತ ಹೋಗಿ ಬಿಳಿಯ ಪುಡಿಯನ್ನು ಹಿಂದೆ ಬಿಟ್ಟಿತು. ಪರಿಚಯದ ಮೆಕ್ಯಾನಿಕ್ ಒಬ್ಬರು ಬಿಚ್ಚಿ ನೋಡಿದಾಗ ಭೋಂಗಾ ಹೊಸದು, ಪೆಟ್ಟಿಗೆ ಹೊಸದು, ತೋಳು ಹೊಸದು, ಒಳಗಿನ ಮೋಟರ್ ಮಾತ್ರ ಯಾವುದೋ ಹಳೆಯ ಪೋರ್ಟಬಲ್ಲಿನಿಂದ ಕಿತ್ತದ್ದು ಎಂಬುದು ಬಯಲಾಯಿತು. ತೋಳು ಅಡ್ಡಾದಿಡ್ಡಿ ಕುಳಿತಿದ್ದುದರಿಂದ ಸೂಜಿ ಗೆರೆಯ ಗೋಡೆಯನ್ನೇ ಕೊರೆಯುತ್ತಿತ್ತು. ಹೊಳಪಿಗೆ ಮರುಳಾಗದೆ ಸ್ಕ್ರೂಗಳನ್ನು ನೋಡಿದ್ದರೆ ನನಗೆ ಅಂಗಡಿಯಲ್ಲೇ ತಿಳಿಯುತ್ತಿತ್ತು: ಪೆಟ್ಟಿಗೆಗೆ ಎಂಬತ್ತು ವರ್ಷವಾಗಿದೆ ಎನ್ನುವವನು ಅದಕ್ಕೆ ನಿನ್ನೆಯ ಸ್ಟಾರ್ ಸ್ಕ್ರೂ ಹಾಕಿದ್ದ. ಈಗ ನನ್ನ ಬಳಿ ಇರುವುದು 1931ರಲ್ಲಿ ಬಂದ ಮಾದರಿಯ, ಸೂಟ್‌ಕೇಸಿನಂತೆ ಮುಚ್ಚುವ ಎಚ್‌ಎಂವಿ 102. ನೋಡಲು ಸಾಧಾರಣ, ಕಪ್ಪು ಬಟ್ಟೆ ಅಲ್ಲಲ್ಲಿ ಹರಿದಿದೆ, ಹಾಗಾಗಿಯೇ ಭೋಂಗಾ ಯಂತ್ರದ ಅರ್ಧ ದರಕ್ಕೆ ಬಂತು. ಗಟ್ಟಿಯಾಗಿದ್ದ ಗ್ರೀಸು ತೆಗೆಸಿ, ಸೌಂಡ್‌ಬಾಕ್ಸಿನ (ಸೂಜಿಯ ಕಂಪನವನ್ನು ಸದ್ದಾಗಿಸುವ ಭಾಗ) ಕಲ್ಲಾಗಿದ್ದ ರಬ್ಬರನ್ನು ಬದಲಿಸಿದ ಖರ್ಚನ್ನೂ ಸೇರಿಸಿ ಹೇಳುತ್ತಿದ್ದೇನೆ. ನಿತ್ಯ ಕೇಳುವುದಕ್ಕೆ ಮಾತ್ರ 78ರ ವೇಗವುಳ್ಳ ವಿದ್ಯುತ್ ಪ್ಲೇಯರನ್ನೇ ಬಳಸುತ್ತೇನೆ. ಅದಕ್ಕೆ ಎಲ್‌ಪಿಯ ಸೂಜಿ ಆಗುವುದಿಲ್ಲ, ತುದಿ ಸುಮಾರು ನಾಲ್ಕು ಪಟ್ಟು ದಪ್ಪವಿರುವ ಬೇರೆ ಸೂಜಿಯೇ ಬೇಕು.

ತೊಳೆಯುವುದರಲ್ಲಿ ಮಾಡಿದ ತಪ್ಪಿಗೆ ಯಾರನ್ನೂ ದೂರುವಂತಿಲ್ಲ. ಮುಂಬೈಯ ಮಳೆಗಾಲ ತಟ್ಟೆಯ ಮೇಲೆ ಬಿಳಿಯ ಬೂಷ್ಟನ್ನು ಬೆಳೆಸುತ್ತದೆ. ಅದನ್ನು ಒರೆಸಲು ನಾನು ಔಷಧದಂಗಡಿಯ ಸ್ಪಿರಿಟ್ಟನ್ನು ಹತ್ತಿಯಲ್ಲಿ ಅದ್ದಿ ತಿಕ್ಕಿದೆ. ಹತ್ತಿ ಕಪ್ಪಾದಷ್ಟೂ ಕೊಳೆ ಹೋಗುತ್ತಿದೆಯೆಂದು ಸಂತೋಷಪಟ್ಟೆ, ಆದರೆ ಹೋಗುತ್ತಿದ್ದುದು ಹಾಡು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ ಎಂಬುದನ್ನು ಮರಗೆಲಸದ ಪಾಲಿಶ್ ಮಾಡುವ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಈಗ ತಣ್ಣೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಲೇಬಲ್ಲಿಗೆ ನೀರು ತಾಗದಂತೆ ಮೆತ್ತನೆಯ ಬ್ರಷ್ಷಿನಿಂದ ಗೆರೆಗಳ ಗುಂಟ ತಿಕ್ಕಿ, ನೆರಳಿನಲ್ಲಿ ನಿಲ್ಲಿಸಿ ಆರಿಸುತ್ತೇನೆ. ಇಡುವಾಗಲೂ ಪುಸ್ತಕದಂತೆ ನಿಲ್ಲಿಸಿಯೇ ಇಡಬೇಕು, ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಭಾರಕ್ಕೆ ಸೀಳುತ್ತದೆ.

ಬಜಾರಿಗಿಂತ ಒಳ್ಳೆಯ ತಟ್ಟೆಗಳು ಬರುವುದು ಮನೆಗಳಿಂದ. ಮುಂಬೈಯಲ್ಲಿ ಹಳೆಯ ಕಟ್ಟಡವೊಂದು ರೀಡೆವಲಪ್‌ಮೆಂಟಿಗೆ ಹೋಗುತ್ತದೆಂದರೆ ನಲವತ್ತು ಸಂಸಾರಗಳು ಒಂದೇ ತಿಂಗಳಲ್ಲಿ ಮಾಳಿಗೆಗಳನ್ನು ಖಾಲಿ ಮಾಡುತ್ತವೆ. ಬಾಡಿಗೆಯ ಚಿಕ್ಕ ಮನೆಗೆ ಹೋಗುವವರು ಮೊದಲು ಬಿಡುವುದು ಇಂಥ ಭಾರದ ವಸ್ತುಗಳನ್ನೇ. ನಮ್ಮ ಪರಿಸರದ ಇಬ್ಬರು ರದ್ದಿಯವರಿಗೆ ನನ್ನ ಫೋನ್ ನಂಬರು ಕೊಟ್ಟಿದ್ದೇನೆ, ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನ ಕಾರ್ಯಕ್ರಮಗಳಲ್ಲಿ ಸಿಗುವ ಹಿರಿಯರಿಗೂ ನನ್ನ ಹುಚ್ಚು ಗೊತ್ತಿದೆ. ಹಾಗೊಮ್ಮೆ ಗಿರ್ಗಾಂವಿನ ಚಾಳಿನಲ್ಲಿದ್ದ ಧಾರವಾಡ ಕಡೆಯ ಅಜ್ಜಿಯೊಬ್ಬರು ಕರೆಸಿಕೊಂಡರು. ತಗಡಿನ ಟ್ರಂಕಿನಲ್ಲಿ ಅರವತ್ತೆರಡು ತಟ್ಟೆಗಳಿದ್ದವು, ಪ್ರತಿಯೊಂದಕ್ಕೂ ಹಳೆಯ ಸೀರೆಯ ಬಟ್ಟೆಯಲ್ಲಿ ಹೊಲಿದ ಚೀಲ. “ರದ್ದಿಯವಗ ಕೊಡಲಿಕ್ಕೆ ಮನಸ್ಸಽ ಬರವಲ್ತು ನೋಡ್ರಿ, ನೀವಽ ಒಯ್ರಿ, ಏನರ ಕೊಡ್ರಿ,” ಎಂದರು. ಬಜಾರಿನಲ್ಲಿ ಮಾರುವವನಿಗೆ ಅವನ ಮಾಲಿನ ಬೆಲೆಯನ್ನು ನಾನು ತಿಳಿಸಿ ಹೇಳುವುದಿಲ್ಲ. ಕೊಂಡು ಮಾರುವುದು ಅವನ ಕಸುಬು, ನಾಳೆ ಅವನೂ ನನ್ನ ಮೇಲೆ ಗೆಲ್ಲಬಹುದು. ಮನೆಯವರ ಲೆಕ್ಕ ಹಾಗಲ್ಲ. ಅಜ್ಜಿಗೆ ಒಂದೊಂದನ್ನೂ ತೋರಿಸಿ, ಇದು ಮಾಮೂಲಿ, ಇದು ಅಪರೂಪ, ಇದಕ್ಕೆ ಅಂಗಡಿಯಲ್ಲಿ ಇಷ್ಟು ಬರುತ್ತದೆ ಎಂದು ಚೀಟಿ ಬರೆದು, ಅದರ ಅರ್ಧ ಹಣ ಕೊಟ್ಟು ತಂದೆ. ಅರ್ಧವೇ ಏಕೆ ಎಂದು ಹೆಂಡತಿ ಕೇಳಿದಳು. ಅದಕ್ಕೆ ನನ್ನಲ್ಲಿ ಇಂದಿಗೂ ಸರಿಯಾದ ಉತ್ತರವಿಲ್ಲ.

ಪುಣೆಗೆ ವರ್ಷಕ್ಕೆ ಮೂರು ನಾಲ್ಕು ಸಲ ಹೋಗುತ್ತೇನೆ. ಮಂಗಳವಾರ ಪೇಠೆಯ ಬದಿಯ ಜುನಾ ಬಜಾರು ಸೇರುವುದು ಬುಧವಾರ ಮತ್ತು ಭಾನುವಾರ. ದಾದರಿನಲ್ಲಿ ಇಂದ್ರಾಯಣಿ ರೈಲು ಹತ್ತಿದರೆ ಹತ್ತರೊಳಗೆ ಅಲ್ಲಿರಬಹುದು. ಅಲ್ಲಿ ಮರಾಠಿ ರಂಗಗಾಯಕ ಬಾಲಗಂಧರ್ವರ ತಟ್ಟೆಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ, ಮಾರುವವರಿಗೂ ಅವರ ಹೆಸರಿನ ಬೆಲೆ ಗೊತ್ತು. ಆದರೆ ಕುಂದಗೋಳದ ಸವಾಯಿ ಗಂಧರ್ವರ ಮತ್ತು ಅವರ ಗುರು ಅಬ್ದುಲ್ ಕರೀಂ ಖಾನರ ತಟ್ಟೆಗಳು ಒಳ್ಳೆಯ ಸ್ಥಿತಿಯಲ್ಲಿ ನನಗೆ ಸಿಕ್ಕಿದ್ದು ಮುಂಬೈಗಿಂತ ಅಲ್ಲಿಯೇ ಹೆಚ್ಚು. ಗೋವೆಯ ಅಂಜುಣೆಯ ಬುಧವಾರದ ಸಂತೆಯನ್ನೂ ಒಮ್ಮೆ ಸುತ್ತಿ ಬಂದೆ, ಪ್ರವಾಸಿಗರಿಗಾಗಿ ಮಾಡಿದ ಹೊಸ ಸಾಮಾನನ್ನು ನೋಡಿ ಮೀನೂಟ ಮಾಡಿ ಮರಳಿದೆ.

ನಾಟಕದ ತಟ್ಟೆಗಳ ಒಂದು ಜೋಡಣೆ ನನ್ನಲ್ಲಿ ಹನ್ನೊಂದು ವರ್ಷಗಳಿಂದ ಅರೆಬರೆಯಾಗಿ ಉಳಿದಿದೆ. ಒಂದು ತಟ್ಟೆಯ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ ಮಾತ್ರ ಹಿಡಿಯುತ್ತಿದ್ದುದರಿಂದ ನಾಟಕವನ್ನು ಭಾಗಗಳಾಗಿ ಒಡೆದು ನಾಲ್ಕಾರು ತಟ್ಟೆಗಳಲ್ಲಿ ಮಾರುತ್ತಿದ್ದರು. ನನ್ನಲ್ಲಿ ಭಾಗ 1-2, 5-6, 7-8 ಇವೆ, 3-4 ಇಲ್ಲ. ಎರಡನೆಯ ತಟ್ಟೆಯಿಲ್ಲದೆ ರಾಜ ಏಕೆ ಕೋಪಗೊಂಡ ಎಂಬುದೇ ನನಗೆ ಗೊತ್ತಾಗಿಲ್ಲ, ಮೂರನೆಯ ತಟ್ಟೆಯಲ್ಲಿ ಅವನು ಆಗಲೇ ಕಿರುಚುತ್ತಿರುತ್ತಾನೆ. ಕಳೆದ ಮಳೆಗಾಲಕ್ಕೆ ಮುಂಚೆ ನನ್ನ ಹಳೆಯ ಪರಿಚಯದ ಮಾರಾಟಗಾರ ದೂರದಿಂದಲೇ ಕೈ ಬೀಸಿ, ಆ ಗೋಣಿಚೀಲದಿಂದಲ್ಲ, ತನ್ನ ಹಿಂದಿನ ಬುಟ್ಟಿಯಿಂದ ಒಂದು ತಟ್ಟೆಯನ್ನು ಕಾಗದದಲ್ಲಿ ಸುತ್ತಿದ್ದು ತೆಗೆದ. ಅದೇ ನಾಟಕ, ಮತ್ತೆ ಭಾಗ 1-2. ದರ ಐನೂರು ಎಂದ. ಮದ್ರಾಸಿ ಮಾಲಿಗೆ ಐನೂರೇ ಎಂದು ಕೇಳಿದೆ. ಇಷ್ಟು ವರ್ಷ ನಾನು ಯಾವ ತಟ್ಟೆ ಎತ್ತಿಕೊಳ್ಳುತ್ತೇನೆ, ಯಾವುದನ್ನು ಬಿಡುತ್ತೇನೆ ಎಂದು ನೋಡುತ್ತ ನೋಡುತ್ತ ಅವನು ಕನ್ನಡದ ಅಕ್ಷರವನ್ನು ತಮಿಳಿನದರಿಂದ ಬೇರ್ಪಡಿಸುವುದನ್ನು ಕಲಿತಿದ್ದ. ತೆಲುಗಿನೊಂದಿಗೆ ಮಾತ್ರ ಇನ್ನೂ ಗಲಿಬಿಲಿಯಾಗುತ್ತದಂತೆ. ತಟ್ಟೆಯನ್ನು ಬೆರಳಿಗೆ ತೂಗಿ ತಟ್ಟಿದೆ, ಕಣಕಣ ಎಂದಿತು. ನನ್ನದಕ್ಕಿಂತ ಚೆನ್ನಾಗಿತ್ತು. ಮುನ್ನೂರೈವತ್ತಕ್ಕೆ ತಂದೆ.