ಅಡಿಕೆ ಮಂಡಿಯ ಲೆಕ್ಕವನ್ನು ಕಂಟೇನರ್‌ಗೆ ಏರಿಸಿದ ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಅಡಿಕೆ ಮಂಡಿಯೊಂದರ ಆವಕ, ತೂಕ ಮತ್ತು ಮುಂಗಡದ ಲೆಕ್ಕಕ್ಕೆಂದು ನಾನು ಆ್ಯಪ್‌ಸ್ಮಿತ್ ಎಂಬ, ಕಚೇರಿ ಕೆಲಸದ ಪರದೆ ಕಟ್ಟುವ ತಂತ್ರಾಂಶದಲ್ಲಿ ಪರದೆಗಳನ್ನು ಕಟ್ಟಿ, ಅದನ್ನು ಕ್ಲೌಡ್ ಕಂಟೇನರ್‌ಗೆ (ಬಾಡಿಗೆ ಸರ್ವರಿನಲ್ಲಿ ತಂತ್ರಾಂಶವನ್ನು ಕಟ್ಟಿಟ್ಟು ಓಡಿಸುವ ಡಬ್ಬಿ) ಏರಿಸಿ ಈಗ ಒಂದು ಕೊನೆಕೊಯ್ಲು ದಾಟಿದೆ. ಬೆಂಗಳೂರಿನ ಗೆಳೆಯರಿಬ್ಬರು ಇದಕ್ಕೆ ಬಾಡಿಗೆ ವಿಎಂ (ವರ್ಚುವಲ್ ಕಂಪ್ಯೂಟರ್) ಒಂದು ಸಾಕು, ಹೊಟ್ಟೆಯಲ್ಲಿ ಡೇಟಾಬೇಸ್ ಇಟ್ಟುಕೊಂಡ ತಂತ್ರಾಂಶವನ್ನು ಕಂಟೇನರ್‌ಗೆ ಹಾಕಿದವನು ಪೆಟ್ಟು ತಿನ್ನುತ್ತಾನೆ ಎಂದಿದ್ದರು. ಸಾಹುಕಾರರ ಅನುಮಾನವೇ ಬೇರೆ: "ಆಷಾಢದಲ್ಲಿ ನಮ್ಮೂರ ಮೋಡ ಹೇಗಿರುತ್ತದೆ ಅಂತ ಗೊತ್ತಲ್ಲ ಮಾರಾಯ, ಮೋಡದಲ್ಲಿ ಲೆಕ್ಕ ಇಡುವುದಾ?" ಆದರೆ ಮಂಡಿಯ ಮೇಜಿನ ಕೆಳಗಿದ್ದ ಹಳೆಯ ಕಂಪ್ಯೂಟರ್ ಸಿಡಿಲಿಗೆ ಸುಟ್ಟುಹೋಗಿದ್ದರಿಂದ ಅವರೂ ಹೆಚ್ಚು ವಾದಿಸಲಿಲ್ಲ.

ಪೆಟ್ಟು ತಿಂದದ್ದು ನಿಜ. ಮೊದಲ ಸಲ, ಕಂಟೇನರ್ ಸತ್ತರೂ ಉಳಿಯುವ ಡಿಸ್ಕ್ ಅಂದರೆ ವಾಲ್ಯೂಮ್ ಜೋಡಿಸದೆಯೇ ಏರಿಸಿದ್ದೆ. ಇಮೇಜ್ (ಕಂಟೇನರ್ ಹುಟ್ಟುವ ಅಚ್ಚು) ಬದಲಾಯಿಸಿದ ದಿನ ಸುಮಾರು ಹತ್ತು ದಿನದ ಪರದೆಗಳು ಒಟ್ಟಿಗೆ ಮಾಯವಾದವು. ಎರಡನೆಯ ಸಲ /ಆ್ಯಪ್‌ಸ್ಮಿತ್-ಸ್ಟ್ಯಾಕ್ಸ್ ಎಂಬ ದತ್ತಾಂಶದ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಸಿಗುವ ಎನ್‌ಎಫ್‌ಎಸ್ ಡಿಸ್ಕ್ ಮೇಲೆ ಕೂರಿಸಿದೆ. ಆಗ ಒಳಗಿನ ಡೇಟಾಬೇಸ್ ಮೊಂಗೋಡಿಬಿ ಎಷ್ಟು ನಿಧಾನವಾಯಿತೆಂದರೆ, ಎಲ್ಲವೂ ಏಳುವಷ್ಟರಲ್ಲಿ ಏಳೆಂಟು ನಿಮಿಷ ಕಳೆಯುತ್ತಿತ್ತು, ಅಷ್ಟರೊಳಗೆ ಹೆಲ್ತ್ ಚೆಕ್ (ಸೇವೆ ಎದ್ದಿದೆಯೇ ಎಂಬ ಪರೀಕ್ಷೆ) ಸೋತು, ಕ್ಲೌಡ್ ಆ ಕಂಟೇನರನ್ನು ಕೊಂದು ಹೊಸದನ್ನು ಹುಟ್ಟಿಸುತ್ತಿತ್ತು, ಅದೂ ಅದೇ ದಾರಿ ಹಿಡಿಯುತ್ತಿತ್ತು. ಗ್ರೇಸ್ ಅವಧಿಯನ್ನು (ಆ ಪರೀಕ್ಷೆಯ ಸೋಲನ್ನು ಲೆಕ್ಕಿಸದ ಆರಂಭದ ಸಮಯ) 600 ಸೆಕೆಂಡಿಗೆ ಏರಿಸಿದ ಮೇಲೆ ಈ ಸುತ್ತು ನಿಂತಿತು.

ಅಲ್ಲಿಗೂ ಮುಗಿಯಲಿಲ್ಲ. ಪ್ರತಿ ಬಾರಿ ಹೊಸ ಆವೃತ್ತಿ ಏರಿಸುವಾಗ ಸೇವೆ ನೆಲಕ್ಕೆ ಬೀಳುತ್ತಿತ್ತು, ಮತ್ತು ಅದರ ಕಾರಣ ಹುಡುಕಲು ನನಗೆ ಮೂರು ರಾತ್ರಿ ಬೇಕಾಯಿತು. ಹಳೆಯ ಕಂಟೇನರ್ ಇನ್ನೂ ಜೀವಂತ ಇರುವಾಗಲೇ ಹೊಸದು ಎದ್ದು, ಎರಡೂ ಅದೇ ಮೊಂಗೋ ಫೋಲ್ಡರಿನ ಬೀಗಕ್ಕೆ ಕೈ ಹಾಕುತ್ತಿದ್ದವು. ಹಳೆಯದು ಪೂರ್ತಿ ಸತ್ತ ಮೇಲೆಯೇ ಹೊಸದು ಹುಟ್ಟಲಿ ಎಂದು, ಬದಲಾವಣೆಯ ವೇಳೆ ಓಡುವ ಕಂಟೇನರ್‌ಗಳ ಪ್ರಮಾಣ ಕನಿಷ್ಠ ಶೇ 0, ಗರಿಷ್ಠ ಶೇ 100 ಎಂದು ಬರೆದೆ. ಆ ಏಳೆಂಟು ನಿಮಿಷ ಸೇವೆ ಇಲ್ಲದಿದ್ದರೆ ಮಂಡಿಯಲ್ಲಿ ಯಾರೂ ಗಮನಿಸುವುದಿಲ್ಲ. ಅಷ್ಟರಲ್ಲಿ ಒಂದು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ.

ಕೊನೆಗೆ ಮೊಂಗೋವನ್ನೇ ಹೊರಗಿನ ಸೇವೆಗೆ ಸಾಗಿಸಿದೆ. ಪರದೆಗಳ ವಿವರವಷ್ಟೇ ಅಲ್ಲಿರುವುದರಿಂದ 512 ಎಂಬಿಯ ಉಚಿತ ಯೋಜನೆಯೇ ಧಾರಾಳವಾಯಿತು, ರೆಪ್ಲಿಕಾ ಸೆಟ್ (ಡೇಟಾಬೇಸಿನ ಪ್ರತಿಗಳನ್ನು ಇಡುವ ಏರ್ಪಾಡು) ಕೂಡ ಅದರಲ್ಲೇ ಸಿಕ್ಕಿತು. ಆದರೆ ಸಾಗಿಸುವಾಗ ಗುಪ್ತಪದಗಳನ್ನು ಮುಚ್ಚಿ ಬಿಚ್ಚುವ ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಮತ್ತು ಸಾಲ್ಟ್ (ಅದಕ್ಕೆ ಬೆರೆಸುವ ಅಕ್ಷರಗುಚ್ಛ) ಎರಡನ್ನೂ ಹಳೆಯದರಿಂದ ನಕಲಿಸಲು ಮರೆತಿದ್ದೆ. ಪರದೆಗಳೆಲ್ಲ ನೆಟ್ಟಗೆ ಬಂದವು, ಡೇಟಾಸೋರ್ಸ್‌ಗಳ (ಪರದೆಗಳು ಲೆಕ್ಕ ಓದುವ ಮೂಲಗಳ) ಗುಪ್ತಪದ ಮಾತ್ರ ಬಿಚ್ಚಲಿಲ್ಲ. ಈಗ ಆ ಎರಡು ಸಾಲನ್ನು ಕಾಗದದಲ್ಲಿ ಬರೆದು ಸಾಹುಕಾರರ ತಿಜೋರಿಯಲ್ಲಿಟ್ಟಿದ್ದೇನೆ.

ನಡುವೆ ಕ್ಲೌಡ್ ಖರ್ಚೇ ಬೇಡವೆಂದು, ಅಂಗೈ ಅಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ರ ಮೇಲೆ ಎಲ್ಲವನ್ನೂ ಓಡಿಸುವ ಹುಚ್ಚೂ ಹಿಡಿದಿತ್ತು. ಮೊಂಗೋಡಿಬಿ 5ರಿಂದ ಮೇಲಿನ ಆವೃತ್ತಿಗಳು ಎಆರ್‌ಎಂ 8.2 ಬಗೆಯ ಚಿಪ್ ಕೇಳುತ್ತವೆ, ಪೈ 4ರದ್ದು ಅದಕ್ಕಿಂತ ಹಿಂದಿನದು. ಎದ್ದ ಕ್ಷಣದಲ್ಲೇ ಬೀಳುತ್ತಿದ್ದುದಕ್ಕೆ ಅದೇ ಕಾರಣವೆಂದು ತಿಳಿಯುವಷ್ಟರಲ್ಲಿ ಒಂದು ಭಾನುವಾರ ಹೋಗಿತ್ತು. ಆ ಪೈ ಈಗ ತೂಕದ ಯಂತ್ರದ ಸೀರಿಯಲ್ ತಂತಿಗೆ ಅಂಟಿಕೊಂಡು, ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ಚೀಲಗಳ ತೂಕವನ್ನು ಓದಿ ಕಳಿಸುತ್ತದೆ. ಕರೆಂಟು ಹೋದರೆ ಸಾಲುಗಟ್ಟಿಟ್ಟುಕೊಂಡು ಬಂದಾಗ ಕಳಿಸುತ್ತದೆ. ಹೀಗೆ ನೋಡಿದರೆ ಆ ಭಾನುವಾರ ಪೂರ್ತಿ ದಂಡವಾಗಲಿಲ್ಲ.

ಹಣದ ಮಾತು. ಮೊದಲ ತಿಂಗಳ ಬಿಲ್ ಹನ್ನೊಂದು ಸಾವಿರದ ಆಸುಪಾಸು ಬಂದಾಗ ನಾನೇ ಸಾಹುಕಾರರಿಂದ ತಲೆಮರೆಸಿಕೊಂಡಿದ್ದೆ. ಅದರಲ್ಲಿ ಮೂರೂವರೆ ಸಾವಿರದಷ್ಟು, ಅಗತ್ಯವೇ ಇಲ್ಲದೆ ನಾನು ಹಾಕಿಸಿಕೊಂಡ ನ್ಯಾಟ್ ಗೇಟ್‌ವೇಯದು (ಒಳಗಿನ ಯಂತ್ರಗಳು ಅಂತರ್ಜಾಲಕ್ಕೆ ಹೋಗುವ ಬಾಡಿಗೆ ಬಾಗಿಲು). ಅದನ್ನು ಕಿತ್ತು, ಕಂಟೇನರಿಗೆ ನೇರ ಸಾರ್ವಜನಿಕ ಐಪಿ ಕೊಟ್ಟು, ಒಳಬರುವ ದಾರಿಯನ್ನು ಲೋಡ್ ಬ್ಯಾಲೆನ್ಸರಿಗೆ (ಬಂದ ಕೋರಿಕೆಗಳನ್ನು ಕಂಟೇನರಿಗೆ ದಾಟಿಸುವ ಸೇವೆ) ಮಾತ್ರ ತೆರೆದಿಟ್ಟೆ. ಮೊಂಗೋ ಹೊರಗೆ ಹೋದದ್ದರಿಂದ ಎರಡು ಸಿಪಿಯು ಒಂದಕ್ಕಿಳಿಯಿತು. ಮೆಮೊರಿಯನ್ನು 2 ಜಿಬಿಗೆ ಇಳಿಸಲು ಹೋಗಿ 137 ಸಂಖ್ಯೆಯ (ಮೆಮೊರಿ ಸಾಲದೆ ಕಂಟೇನರ್ ಸತ್ತಾಗ ಬರುವ ಸಂಕೇತ) ಸಾವುಗಳನ್ನು ಕಂಡ ಮೇಲೆ 4 ಜಿಬಿಯಲ್ಲೇ ಬಿಟ್ಟೆ. ಬೆಳಿಗ್ಗೆ 9ಕ್ಕೆ ಏಳುವಂತೆ, ರಾತ್ರಿ 8ಕ್ಕೆ ಮಲಗುವಂತೆ, ಭಾನುವಾರ ಏಳದಂತೆ ವೇಳಾಪಟ್ಟಿ ಹಾಕಿದ ಮೇಲೆ ತಿಂಗಳಿಗೆ ಮೂರೂವರೆ ಸಾವಿರ ದಾಟಿದ್ದು ನೆನಪಿಲ್ಲ. ಅಡಿಕೆ ಲೆಕ್ಕ ಇರುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೇರೆ, ಅದರ ಖರ್ಚು ಇದರಲ್ಲಿ ಸೇರಿಲ್ಲ. ವಿಎಂ ಸಾಕೆಂದ ಗೆಳೆಯರಲ್ಲಿ ಒಬ್ಬರು ಕಳೆದ ತಿಂಗಳು ಫೋನ್ ಮಾಡಿ ನನ್ನ ಟಾಸ್ಕ್ ಡೆಫಿನಿಷನ್ (ಕಂಟೇನರನ್ನು ಹೇಗೆ ಓಡಿಸಬೇಕೆಂಬ ವಿವರಪಟ್ಟಿ) ಕೇಳಿ ಪಡೆದರು.

ರಾತ್ರಿ 8ರ ನಂತರ ಲೆಕ್ಕ ನೋಡಬೇಕಾದರೆ ಸಾಹುಕಾರರ ಮಗ ಫೋನಿನಲ್ಲಿ ಒಂದು ಗುಂಡಿ ಒತ್ತುತ್ತಾರೆ, ಮೂರು ನಿಮಿಷದಲ್ಲಿ ಪರದೆ ಬರುತ್ತದೆ, ಗಂಟೆಯೊಂದು ಕಳೆದರೆ ತಾನೇ ಮಲಗುತ್ತದೆ. ಆ ಗುಂಡಿಯ ಹಿಂದಿರುವುದನ್ನು ಇಲ್ಲಿ ಬರೆಯುವುದಿಲ್ಲ. ಸಾಗರದ ಇನ್ನೊಂದು ಮಂಡಿಯವರು ಅದಕ್ಕೇ ಮುಂಗಡ ಕೊಟ್ಟಿದ್ದಾರೆ.